ಆಯುಧಪೂಜೆಗೆ ಇಟ್ಟ ಜಪಾನಿ ಕತ್ತಿ

ಮೇಜಿನ ಹತ್ತಿರ ಬರುವ ಮೊದಲು ಕೈಗಡಿಯಾರ, ಉಂಗುರ, ಬಳೆ ತೆಗೆಯಬೇಕು. ಕೊರಳಲ್ಲಿ ನೇತಾಡುವ ಆಫೀಸಿನ ಬ್ಯಾಡ್ಜು, ಸೊಂಟದ ಪೇಜರು ಎರಡೂ ಬಾಗಿಲ ಬಳಿಯ ಬುಟ್ಟಿಗೆ. ಕತ್ತಿ ಕೈಯಲ್ಲಿರುವಾಗ ಮಾತಿಲ್ಲ, ಏಕೆಂದರೆ ಮಾತಿನ ಜೊತೆ ಎಂಜಲಿನ ಹನಿ ಹಾರುತ್ತದೆ, ಹನಿ ಬಿದ್ದಲ್ಲಿ ತುಕ್ಕು ಹುಟ್ಟುತ್ತದೆ. ಪಕ್ಕದವರಿಗೆ ದಾಟಿಸುವಾಗ ಅಲಗು ಕೊಡುವವರ ಕಡೆಗೆ ತಿರುಗಿರಬೇಕು. ತೆಗೆದುಕೊಳ್ಳುವವರು ತಲೆಯಾಡಿಸಿದ ಮೇಲೆಯೇ ಹಿಡಿ ಬಿಡಬೇಕು.

ಸ್ಯಾನ್ ಹೊಸೆಯ ಜಪಾನಿ ಪೇಟೆಯ ಒಂದು ಹಾಲ್‌ನಲ್ಲಿ ತಿಂಗಳಿಗೊಮ್ಮೆ, ಶನಿವಾರ ಬೆಳಿಗ್ಗೆ, ಹಳೆಯ ಜಪಾನಿ ಕತ್ತಿಗಳನ್ನು ಕೂಡಿಡುವವರು ಸೇರುತ್ತಿದ್ದರು. ಅಲ್ಲಿ ಈ ನಿಯಮಗಳನ್ನು ಪಾಲಿಸುವಂತೆ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ನಿಯಮಗಳನ್ನು ನಾನು ಮಾಡಿದ್ದಲ್ಲ. ಅವು ನೂರಾರು ವರ್ಷಗಳಿಂದ ಬಂದವು. ಆದರೆ ಮೊದಲ ದಿನ ಕೇಳಿದಾಗಲೇ ನನಗೆ ತವರಿಗೆ ಬಂದಂತಾಯಿತು.

ನಾನು ಉಡುಪಿಯ ಕಡೆಯವಳು. ನರ್ಸ್ ಆಗಿ ಈ ದೇಶಕ್ಕೆ ಬಂದು ಕೆಲಸದ ಕಾಲವನ್ನೆಲ್ಲ ಆಪರೇಷನ್ ಥಿಯೇಟರಿನಲ್ಲೇ ಕಳೆದೆ. ಕೊನೆಯ ಕೆಲವು ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆಯ ಕೋಣೆಯ ಹೊಣೆ ನನ್ನ ಮೇಲಿತ್ತು. ನಾನು ನಿವೃತ್ತಳಾದಾಗ ಊರಲ್ಲೆಲ್ಲ ಇಂಟರ್‌ನೆಟ್ಟಿನದೇ ಮಾತು. ಕಾಫಿ ಅಂಗಡಿಯ ಸಾಲಿನಲ್ಲಿ ನಿಂತವರೂ ಶೇರುಗಳ ವಿಷಯ ಮಾತಾಡುತ್ತಿದ್ದರು. ನನ್ನ ಗಂಡ ಮೈಸೂರಿನವರು, ರಸ್ತೆ ಕಟ್ಟುವ ಇಂಜಿನಿಯರ್ ಆಗಿದ್ದವರು. ಅವರು ನನಗಿಂತ ಮೊದಲೇ ನಿವೃತ್ತರಾಗಿ ಈ ಕತ್ತಿಗಳ ಹುಚ್ಚು ಹಚ್ಚಿಕೊಂಡಿದ್ದರು. ನಾನು ಮನೆಯಲ್ಲಿ ಕುಳಿತ ಮೊದಲ ವಾರವೇ ಅಡುಗೆಮನೆಯ ಚಾಕುಗಳನ್ನೆಲ್ಲ ಅಳತೆಯ ಪ್ರಕಾರ ಜೋಡಿಸಿದ್ದನ್ನು ನೋಡಿ ಅವರಿಗೆ ದಿಗಿಲಾಯಿತು.

"ಸಿಸ್ಟರ್ರೇ, ಮನೇನ ಥಿಯೇಟರ್ ಮಾಡ್ಬೇಡ. ಬಾ, ನಿನಗೆ ಒಂದು ಜಾಗ ತೋರಿಸ್ತೀನಿ" ಎಂದು ಕರೆದುಕೊಂಡು ಹೋದರು.

ಅಂದು ಒಬ್ಬ ಹುಡುಗ ಕತ್ತಿಯ ಮೇಲೆ ಬಗ್ಗಿದಾಗ ಅವನ ಬ್ಯಾಡ್ಜು ಉಕ್ಕಿಗೆ ಇನ್ನೇನು ತಾಗುವುದರಲ್ಲಿತ್ತು. ಥಿಯೇಟರಿನ ಅಭ್ಯಾಸದಲ್ಲಿ ನನ್ನ ಕೈ ತಾನಾಗಿ ಮುಂದೆ ಹೋಗಿ ಬ್ಯಾಡ್ಜನ್ನು ಹಿಡಿಯಿತು. ಮೇಜಿನ ತುದಿಯಲ್ಲಿ ಕುಳಿತಿದ್ದ ಮುದುಕರೊಬ್ಬರು ತಲೆಯೆತ್ತಿ ನೋಡಿ ನಕ್ಕರು. "ಮುಂದಿನ ತಿಂಗಳಿಂದ ಮೇಜು ಈಕೆಯದು" ಎಂದರು.

ಅವರನ್ನು ಎಲ್ಲರೂ 'ಸೆನ್ಸೈ' ಎನ್ನುತ್ತಿದ್ದರು. ನನ್ನ ಗಂಡ ಅದನ್ನು 'ಮೇಷ್ಟ್ರು' ಮಾಡಿಕೊಂಡಿದ್ದರು. ಅರ್ಥ ಅದೇ ಆದ್ದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಅವರೊಂದಿಗೆ ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಇಲ್ಲಿ ನೆನಪಿದ್ದಂತೆ ಕನ್ನಡದಲ್ಲಿ ಬರೆದಿದ್ದೇನೆ.

ಮೇಷ್ಟ್ರು ಹುಟ್ಟಿದ್ದು ಇಲ್ಲೇ. ಹತ್ತಿರದ ಊರಾದ ಮೌಂಟನ್ ವ್ಯೂನಲ್ಲಿ ಗಾಜಿನ ಮನೆಗಳಲ್ಲಿ ಸೇವಂತಿಗೆ ಬೆಳೆಯುತ್ತಿದ್ದರು. ಜಪಾನಿನೊಂದಿಗಿನ ಯುದ್ಧದ ಕಾಲದಲ್ಲಿ ಇಲ್ಲಿನ ಜಪಾನಿಗಳನ್ನು ಶತ್ರುಗಳಂತೆ ಕಂಡಿದ್ದರಿಂದ ಅವರ ತಂದೆ ಮನೆಯ ಕತ್ತಿಗಳನ್ನು ಸರಕಾರಕ್ಕೆ ಒಪ್ಪಿಸಬೇಕಾಯಿತು, ಅವು ಮರಳಿ ಬರಲಿಲ್ಲ. ಯುದ್ಧ ಮುಗಿದ ಮೇಲೆ ಸೈನಿಕರು ಜಪಾನಿನಿಂದ ಹೊತ್ತು ತಂದಿದ್ದ ಕತ್ತಿಗಳನ್ನು ಅವರು ಗ್ಯಾರೇಜುಗಳಲ್ಲಿ, ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕುತ್ತಾ ಹೋದರು. ಕೊಳ್ಳಲು ಆಗದಿದ್ದರೆ ನೋಡಲು ಬಿಡಿ ಎಂದು ಕೇಳುತ್ತಿದ್ದರಂತೆ. ನೋಡಿ ನೋಡಿಯೇ ಕಲಿತರು.

ಅವರು ಕತ್ತಿ ನೋಡುವುದನ್ನು ನೋಡಬೇಕಿತ್ತು. ಮೊದಲು ತೋಳು ಚಾಚಿ ನೆಟ್ಟಗೆ ಹಿಡಿದು ಬಾಗು ಎಲ್ಲಿ ಶುರುವಾಗುತ್ತದೆ ಎಂದು ನೋಡುವರು. ಆಮೇಲೆ ದೀಪದ ಕೆಳಗೆ ಅಡ್ಡ ಹಿಡಿದು ಕೂದಲೆಳೆಯಷ್ಟು ಓರೆ ಮಾಡುವರು. ಆಗ ನಮಗೂ ಕಾಣುತ್ತಿತ್ತು: ಅಲಗಿನ ಉದ್ದಕ್ಕೂ, ಮಲ್ಪೆಯ ಮರಳಿನಲ್ಲಿ ಅಲೆ ಹಿಂದೆ ಸರಿದಾಗ ಉಳಿಯುವಂಥ ಒಂದು ಬಿಳಿಯ ಅಂಚು. ಕಾದ ಉಕ್ಕನ್ನು ನೀರಿಗೆ ಅದ್ದಿದ ಗಳಿಗೆಯಲ್ಲಿ ಮೂಡಿದ ಅಂಚು ಅದು. ಅದರ ಮೇಲ್ಭಾಗದಲ್ಲಿ ಬೀಟೆ ಮರದ ಹಲಗೆಯಲ್ಲಿರುವಂಥ ಸಣ್ಣ ಸಣ್ಣ ಗೆರೆಗಳು. ಅಂಚಿನ ಆಕಾರ, ಗೆರೆಗಳ ಬಗೆ, ಉಕ್ಕಿನ ಬಣ್ಣ ಈ ಮೂರನ್ನು ನೋಡಿ ಮೇಷ್ಟ್ರು ಕಾಲ, ಪ್ರಾಂತ್ಯ, ಕೆಲವೊಮ್ಮೆ ಕಮ್ಮಾರನ ಹೆಸರನ್ನೂ ಹೇಳುತ್ತಿದ್ದರು. ಹೆಸರು ಕೆತ್ತಿರುವುದು ಹಿಡಿಯೊಳಗೆ ಅಡಗುವ ಭಾಗದಲ್ಲಿ. ಆ ಭಾಗಕ್ಕೆ ಮೊದಲೇ ಬಟ್ಟೆ ಸುತ್ತಿರುತ್ತಿದ್ದೆವು. ಅವರು ಹೇಳಿದ ಮೇಲೆ ಬಟ್ಟೆ ಬಿಚ್ಚಿದರೆ ಅದೇ ಹೆಸರು. ನನ್ನ ಕೆಲಸದ ಕಾಲದಲ್ಲಿ ಒಳ್ಳೆಯ ಸರ್ಜನ್ನರ ಪಕ್ಕದಲ್ಲಿ ನಿಂತಾಗ ಆಗುತ್ತಿದ್ದ ಸಂತೋಷ ಆಗ ನನಗೆ ಆಗುತ್ತಿತ್ತು.

ಆ ವರ್ಷಗಳಲ್ಲಿ ಇಂಟರ್‌ನೆಟ್ ಕಂಪನಿಗಳ ಹುಡುಗರು ಹರಾಜಿನ ವೆಬ್‌ಸೈಟುಗಳಲ್ಲಿ ಕತ್ತಿ ಕೊಂಡು ಪೆಟ್ಟಿಗೆ ಸಮೇತ ನಮ್ಮಲ್ಲಿಗೆ ಬರುತ್ತಿದ್ದರು. ಒಬ್ಬ, "ಇದು ಒಬ್ಬ ದೊಡ್ಡ ಸಮುರಾಯಿಯ ಕತ್ತಿ, ಮಾರಿದವನು ಪೂರ್ತಿ ಕಥೆ ಬರೆದು ಕಳಿಸಿದ್ದಾನೆ" ಎಂದ.

ಮೇಷ್ಟ್ರು ಒಂದೇ ನೋಟ ನೋಡಿದರು. "ಕಥೆ ಚೆನ್ನಾಗಿರಬೇಕು. ಕಥೆ ಇಟ್ಟುಕೊ, ಕತ್ತಿ ವಾಪಸು ಕಳಿಸು."

ಹುಡುಗರು ನಗುತ್ತಿದ್ದರು, ಹಾಗೆಯೇ ಮಾಡುತ್ತಿದ್ದರು. ಮೇಷ್ಟ್ರ ಮಾತೇ ಕೊನೆ.

ಒಂದು ಶರತ್ಕಾಲದಲ್ಲಿ ನನ್ನ ಗಂಡ ಬರ್ಕ್ಲಿಯ ಒಂದು ಹಳೆಯ ಮನೆಯ ಸಾಮಾನು ಮಾರಾಟದಿಂದ ಗಿಡ್ಡ ಕತ್ತಿಯೊಂದನ್ನು ತಂದರು. ಅದರಲ್ಲಿ ಹೆಸರು ಕೆತ್ತಿರಲಿಲ್ಲ. ನಾನೇ ಅದನ್ನು ಒರೆಸಿ, ಸಾಣೆಕಲ್ಲಿನ ನುಣ್ಣನೆಯ ಪುಡಿ ತಟ್ಟಿ, ಲವಂಗದೆಣ್ಣೆ ಸವರಿದೆ. ಕಲೆ ಇಲ್ಲದ ಉಕ್ಕು, ಬಾವಿಯ ನೀರಿನಷ್ಟು ತಿಳಿ. ಮುಂದಿನ ಸಭೆಗೆ ಒಯ್ಯುವುದೆಂದು ಆಯಿತು. ಅಷ್ಟರಲ್ಲಿ ಆಯುಧಪೂಜೆ ಬಂತು.

ಮೈಸೂರಿನವರಿಗೆ ಆಯುಧಪೂಜೆಯ ವಿಷಯ ಹೇಳಿಕೊಡುವುದು ಬೇಕಿಲ್ಲ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಕಾರು, ಅವರ ಅಳತೆಯ ಟೇಪು, ನನ್ನ ಹಳೆಯ ಕತ್ತರಿಗಳು, ಮಿಕ್ಸಿ ಎಲ್ಲಕ್ಕೂ ಹೂವು ಏರುತ್ತಿತ್ತು. ಆ ದಿನ ನಾನು ಗ್ರೋಸರಿಗೆ ಹೋಗಿ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಮಣೆಯ ಮೇಲೆ ಎಲ್ಲದರ ಮುಂದೆ ಆ ಕತ್ತಿ. ಅದರಿಂದಲೇ ನಿಂಬೆಹಣ್ಣು ಕೊಯ್ದು, ಎರಡೂ ಹೋಳಿಗೆ ಕುಂಕುಮ ಹಚ್ಚಿ, ಅಲಗಿನ ಎರಡು ಬದಿಗೆ ಒರಗಿಸಿ ಇಟ್ಟಿದ್ದರು.

"ಎಂತ ಮಾಡಿದ್ರಿ ಮಾರಾಯ್ರೆ? ಹುಳಿ ಅಲ್ವಾ ಅದು?"

"ಕತ್ತಿಗೆ ನಿಂಬೆಹಣ್ಣು ಕೊಡದೆ ಇನ್ನೇನು ಆ್ಯಪಲ್ ಕೊಡ್ಲಾ?"

"ತೆಗೀರಿ ಈಗ."

"ಪೂಜೆಗಿಟ್ಟಿದ್ದು ನಾಳೆ ಬೆಳಿಗ್ಗೆವರೆಗೂ ಕದಲಿಸೋ ಹಾಗಿಲ್ಲ. ನಿನ್ನ ಥಿಯೇಟರ್‌ಗೆ ನಿನ್ನ ರೂಲ್ಸು, ನನ್ನ ದೇವರಿಗೆ ನನ್ನ ರೂಲ್ಸು."

ವಿಜಯದಶಮಿಯ ಬೆಳಿಗ್ಗೆ ಅವರೇ ಹೂವು ತೆಗೆದು ಒರೆಸಿದರು. ಕುಂಕುಮ ಹೋಯಿತು. ಆದರೆ ಅಲಗಿನ ಮೇಲ್ಭಾಗದಲ್ಲಿ, ನಡುವಿನಿಂದ ತುದಿಯವರೆಗೆ, ಕನ್ನಡಿಗೆ ಉಸಿರು ಬಿಟ್ಟಂತೆ ಬಿಳಿಚಿದ ಮಚ್ಚೆಗಳು ಉಳಿದವು. ಎಣ್ಣೆ ಹಚ್ಚಿದರೂ ಹೋಗಲಿಲ್ಲ.

ಸಭೆಯ ದಿನ ನನ್ನ ಗಂಡ ಬೈಸಿಕೊಳ್ಳಲು ಸಿದ್ಧರಾಗಿಯೇ ಕತ್ತಿಯನ್ನು ಮೇಜಿನ ಮೇಲಿಟ್ಟರು. ಮೇಷ್ಟ್ರು ತೆಗೆದುಕೊಂಡು ಬಾಗು ನೋಡಿದರು. ದೀಪದ ಕೆಳಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಕೆಳಗಿಟ್ಟು, ಎಲ್ಲರೂ ಹತ್ತಿರ ಬನ್ನಿ ಎಂದು ಸನ್ನೆ ಮಾಡಿದರು.

"ಇದರ ಮೇಲೆ ಮಂಜು ಇದೆ. ಒಂದು ಪ್ರಾಂತ್ಯದ ಬಹಳ ಹಳೆಯ ಕತ್ತಿಗಳಲ್ಲಿ ಮಾತ್ರ ಉಕ್ಕಿನ ಒಳಗಿನಿಂದ ಇಂಥ ಮಂಜು ಮೇಲೆದ್ದಂತೆ ಕಾಣುತ್ತದೆ. ಆ ಕೈಕೆಲಸ ಆಮೇಲೆ ಮರೆತುಹೋಯಿತು. ಏಳು ನೂರು ವರ್ಷ ಎನ್ನಬಹುದು."

ಹುಡುಗರು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ಆ ಮಂಜು ಯಾವಾಗ ಬಂದದ್ದೆಂದು ನನಗೆ ಗೊತ್ತಿತ್ತು. ನಮ್ಮ ಮನೆಯ ಹಾಲ್‌ನಲ್ಲಿ, ವಿಜಯದಶಮಿಯ ಬೆಳಿಗ್ಗೆ. ನಾನು ಕತ್ತಿಯನ್ನು ಬಿಟ್ಟು ಮೇಷ್ಟ್ರ ಮುಖ ನೋಡಿದೆ. ಅವರು ದೀಪಕ್ಕೆ ಎದುರಾಗದೆ ಮುಖವನ್ನು ಒಂದು ಬದಿಗೆ ತಿರುಗಿಸಿ ನೋಡುತ್ತಿದ್ದರು. ಚಹಾದ ಬಟ್ಟಲಿಗೆ ಚಾಚಿದ ಕೈ ಬಟ್ಟಲಿನ ಪಕ್ಕದಲ್ಲಿ ಇಳಿಯಿತು. ಇಂಥವರು ಆಸ್ಪತ್ರೆಯ ಬಾಗಿಲಿನಿಂದ ನನ್ನ ಕೋಣೆಯವರೆಗೆ ನಡೆದು ಬರುವಾಗಲೇ ನಾನು ಗುರುತಿಸುತ್ತಿದ್ದೆ. ಎರಡೂ ಕಣ್ಣಿಗೆ ಪೊರೆ, ಚೆನ್ನಾಗಿ ಬಲಿತದ್ದು.

ಮನೆಗೆ ಹೋಗುವಾಗ ಫ್ರೀವೇಯಲ್ಲಿ ನನ್ನ ಗಂಡನ ಮುಖದಲ್ಲಿ ಗೆಲುವು.

"ಏಳು ನೂರು ವರ್ಷ ಕಣೇ."

"ಅದು ನಿಂಬೆಹುಳಿ."

"ಒಳಗಿದ್ದದ್ದು ಪೂಜೆ ಮಾಡಿದ್ಮೇಲೆ ಹೊರಗೆ ಬಂತು ಅಂತ ಯಾಕಿರಬಾರ್ದು?"

"ಹಾಗಾದ್ರೆ ನಮ್ಮ ಸಿಂಕಿಗೂ ಏಳು ನೂರು ವರ್ಷ. ಮೊನ್ನೆ ಅದರ ಮೇಲೂ ನಿಂಬೆ ಹಿಂಡಿ ಇಟ್ಟಿದ್ರಿ." ಅವರು ನಕ್ಕರು. ನಾನು ನಗಲಿಲ್ಲ. "ಮೇಷ್ಟ್ರಿಗೆ ಕಣ್ಣು ಕಾಣ್ತಾ ಇಲ್ಲ ಮಾರಾಯ್ರೆ."

ಅವರು ನಾವು ಇಳಿಯಬೇಕಾದ ಎಕ್ಸಿಟ್ಟನ್ನು ದಾಟಿ ಹೋಗಿಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ, "ಹೇಳಿದ್ರೆ ಅವರು ನೋಡೋದನ್ನೇ ಬಿಟ್ಬಿಡ್ತಾರೆ. ಅದು ಬಿಟ್ರೆ ಅವರಿಗೆ ಇನ್ನೇನಿದೆ?" ಎಂದರು.

"ಹೇಳದಿದ್ರೆ ಬೇರೆ ಯಾರಾದ್ರೂ ಕಂಡುಹಿಡೀತಾರೆ. ಎಲ್ಲರ ಎದುರಿಗೆ ಹೇಳ್ತಾರೆ. ಅವರ ಮಾತು ನಂಬಿ ಎಷ್ಟು ಜನ ಕತ್ತಿ ಇಟ್ಕೊಂಡಿದ್ದಾರೆ, ಎಷ್ಟು ಜನ ಒಳ್ಳೇದನ್ನ ವಾಪಸು ಕಳಿಸಿದ್ದಾರೆ."

ರಾತ್ರಿ ಊಟಕ್ಕೆ ಕುಳಿತಾಗ ಅವರು, "ನಿಂಬೆಹಣ್ಣಿನ ವಿಷಯ ನಾನೇ ಹೇಳ್ತೀನಿ. ಕಣ್ಣಿನ ವಿಷಯ ನೀನು ಹೇಳು" ಎಂದರು.

ವಾರದ ನಡುವೆ ಒಂದು ಬೆಳಿಗ್ಗೆ ನಾವು ಮೌಂಟನ್ ವ್ಯೂಗೆ ಹೋದೆವು. ಸುತ್ತಲೂ ಕಂಪನಿಗಳ ಹೊಸ ಕಟ್ಟಡಗಳು ಎದ್ದಿದ್ದವು. ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವವರು ಬೇಲಿಯ ಆಚೆ ಸಾಗುತ್ತಿದ್ದರು. ಬೇಲಿಯ ಈಚೆ ಗಾಜಿನ ಮನೆಯಲ್ಲಿ ಮೇಷ್ಟ್ರು ಒಬ್ಬರೇ ಸೇವಂತಿಗೆಯ ಮೊಗ್ಗುಗಳನ್ನು ಬೆರಳಿನಿಂದ ತಡವಿ, ಬೇಡದ್ದನ್ನು ಚಿವುಟುತ್ತಿದ್ದರು. ನನ್ನ ಗಂಡ ಪೀಠಿಕೆಯಿಲ್ಲದೆ ಕತ್ತಿಯ ಬಟ್ಟೆ ಬಿಚ್ಚಿದರು.

"ಈ ಮಂಜು ನಾನು ಮಾಡಿದ್ದು" ಎಂದು, ಆಯುಧಪೂಜೆ ಎಂದರೇನು ಎಂಬುದರಿಂದ ಹಿಡಿದು ಎಲ್ಲ ಹೇಳಿದರು.

ಮೇಷ್ಟ್ರು ಅಲ್ಲಾಡದೆ ಕೇಳಿದರು. "ನಿಂಬೆಹಣ್ಣು?"

"ಹೌದು."

"ಈ ಕತ್ತಿಯಿಂದಲೇ ಕೊಯ್ದಿರಾ?"

"ಹೌದು."

"ಹೇಗೆ ಕೊಯ್ಯಿತು?"

"ಬೆಣ್ಣೆ ಕೊಯ್ದ ಹಾಗೆ."

ಅವರಿಗೆ ನಗು ಬಂತು. ಎಷ್ಟು ಬಂತೆಂದರೆ ಬೋರಲು ಹಾಕಿದ್ದ ಒಂದು ಕುಂಡದ ಮೇಲೆ ಕುಳಿತುಬಿಟ್ಟರು. "ನಮ್ಮಮ್ಮ ಹೊಸ ವರ್ಷಕ್ಕೆ ಅಕ್ಕಿಯ ಕಡುಬು ಮಾಡಿ, ಅದರ ಮೇಲೆ ಒಂದು ಕಿತ್ತಳೆಹಣ್ಣು ಇಟ್ಟು, ಅಪ್ಪನ ಕತ್ತಿಗಳ ಮುಂದೆ ಇಡುತ್ತಿದ್ದರು. ಆದರೆ ತಟ್ಟೆಯಲ್ಲಿ ಇಡುತ್ತಿದ್ದರು ನೋಡಿ."

ನಗು ನಿಂತ ಮೇಲೆ ಕತ್ತಿಯನ್ನು ಗಾಜಿನ ಬಳಿಗೆ ಒಯ್ದರು. ಕಣ್ಣಿಗೆ ಹತ್ತಿರ ತಂದರು, ದೂರ ಹಿಡಿದರು, ಬಟ್ಟೆಯ ಮೇಲೆ ಇಟ್ಟರು. "ನೀವು ಹೇಳಿದ ಮೇಲೂ ನನಗೆ ವ್ಯತ್ಯಾಸ ಗೊತ್ತಾಗುತ್ತಿಲ್ಲ" ಎಂದರು. ನಂತರ ನನ್ನ ಕಡೆಗೆ ತಿರುಗಿ, "ಹೇಳಿ. ಅದಕ್ಕೇ ಬಂದಿದ್ದೀರಿ" ಎಂದರು.

ನಾನು ಹೇಳಿದೆ. ಅವರಿಗೆ ಹೊಸದಾಗಿರಲಿಲ್ಲ. ಡಾಕ್ಟರು ಹಿಂದೆಯೇ ಹೇಳಿದ್ದರು, ಇವರೇ ಬೇಡವೆಂದಿದ್ದರು. ಕಾರಣ ಹೆದರಿಕೆಯಲ್ಲ. ಆಪರೇಷನ್ ಆದವರೊಬ್ಬರು, ಬಣ್ಣಗಳೆಲ್ಲ ಬೇರೆಯಾದವು ಎಂದು ಅವರಿಗೆ ಹೇಳಿದ್ದರಂತೆ.

"ನನ್ನ ತಲೆಯಲ್ಲಿ ಇರುವುದು ಉಕ್ಕಿನ ಬಣ್ಣ ಒಂದೇ. ಈ ಪ್ರಾಂತ್ಯದ್ದು ಕಪ್ಪು, ಆ ಪ್ರಾಂತ್ಯದ್ದು ನೀಲಿ, ಅದರಲ್ಲಿ ಇಷ್ಟು ಹೆಚ್ಚು, ಇಷ್ಟು ಕಡಿಮೆ. ಅದನ್ನು ಕಲಿಯಲು ಒಂದು ಆಯುಷ್ಯ ಹಿಡಿಯಿತು. ಹೊಸ ಕಣ್ಣು ಹಾಕಿಸಿಕೊಂಡು ನಾನು ಯಾವುದಕ್ಕೆ ಹೋಲಿಸಿ ಹೇಳಲಿ?"

ಬಣ್ಣ ಬದಲಾಗುವುದಿಲ್ಲ ಎಂದು ನಾನು ಹೇಳುವಂತಿರಲಿಲ್ಲ. ಬದಲಾಗುತ್ತದೆ. ಪಟ್ಟಿ ಬಿಚ್ಚಿದ ಮರುದಿನ, ನನ್ನ ಅಂಗಿಗೆ ಇಷ್ಟು ನೀಲಿ ಇತ್ತೇ ಎಂದು ಕೇಳಿದ ಹೆಂಗಸರನ್ನು ನಾನು ಕಂಡಿದ್ದೇನೆ. ಹಾಗೆಂದೇ ಹೇಳಿದೆ. ಆಮೇಲೆ ಇನ್ನೊಂದು ಮಾತು ಹೇಳಿದೆ: "ಎರಡೂ ಕಣ್ಣಿಗೆ ಒಟ್ಟಿಗೆ ಮಾಡುವುದಿಲ್ಲ. ಮೊದಲು ಒಂದಕ್ಕೆ. ಇನ್ನೊಂದಕ್ಕೆ ಕೆಲವು ವಾರ ಬಿಟ್ಟು. ಆ ವಾರಗಳಲ್ಲಿ ನಿಮ್ಮ ಹತ್ತಿರ ಒಂದು ಹಳೆಯ ಕಣ್ಣು, ಒಂದು ಹೊಸ ಕಣ್ಣು ಇರುತ್ತದೆ. ಒಂದೇ ಕತ್ತಿಯನ್ನು ಎರಡರಿಂದಲೂ ನೋಡಬಹುದು."

ಮೇಷ್ಟ್ರು ಒಂದು ಮೊಗ್ಗನ್ನು ಚಿವುಟಿ ಬೆರಳುಗಳ ನಡುವೆ ಉರುಳಿಸಿದರು. "ಕೆಲವು ವಾರ ಎಂದರೆ ಎಷ್ಟು? ಹೆಚ್ಚು ಕೇಳಬಹುದೇ?" ಎಂದರು. ಅವರು ಒಪ್ಪಿದ್ದು ಹಾಗೆ.

ಆಪರೇಷನ್ನಿನ ದಿನ ನಾವೇ ಕರೆದುಕೊಂಡು ಹೋದೆವು. ಅಂದಿನಿಂದ ಶುರುವಾದ ದಿನಗಳು ಆ ಕಾಲದ ಅತ್ಯಂತ ಒಳ್ಳೆಯ ದಿನಗಳೆಂದು ನನಗೆ ನೆನಪಿದೆ. ಡಾಕ್ಟರು ಒಪ್ಪಿದ ಕೂಡಲೇ ನಾನು ದಿನಾ ಬೆಳಿಗ್ಗೆ ಅವರ ಮನೆಗೆ ಹೋದೆ. ಅದೇ ಹೊತ್ತು, ಅದೇ ಕಿಟಕಿ, ಅದೇ ದೀಪ. ಕಮ್ಮಾರನ ಹೆಸರು ಕೆತ್ತಿರುವ, ಅನುಮಾನವೇ ಇಲ್ಲದ ಕತ್ತಿಗಳನ್ನು ಮಾತ್ರ ಅವರು ತೆಗೆದಿಟ್ಟಿರುತ್ತಿದ್ದರು. ಹೊಸ ಕಣ್ಣನ್ನು ನಾನು ಪಟ್ಟಿಯಿಂದ ಮುಚ್ಚುವೆ, ಅವರು ಹಳೆಯದರಿಂದ ನೋಡುವರು. ಪಟ್ಟಿ ಬದಲಿಸುವೆ, ಮತ್ತೆ ನೋಡುವರು.

ಮೊದಲ ದಿನ ಕತ್ತಿ ಕೆಳಗಿಟ್ಟು, "ಹಳೆಯ ಕಣ್ಣಿಗೆ ಇದು ಚಹಾ. ಹೊಸದಕ್ಕೆ ನೀರು" ಎಂದರು. ಅಷ್ಟು ವರ್ಷ ಬೆಚ್ಚನೆಯ ಬಣ್ಣವೆಂದು ಮೆಚ್ಚಿದ್ದು ಪೊರೆಯ ಹಳದಿ. ಅವರಿಗೆ ಅದು ಸುಲಭವಾಗಿರಲಿಲ್ಲ. ಎರಡನೆಯ ದಿನ ಒಂದು ಕತ್ತಿಯನ್ನು ನೋಡಿ ಅರ್ಧಕ್ಕೇ ಎದ್ದು ಗಾಜಿನ ಮನೆಗೆ ಹೋದರು. ಮೂರನೆಯ ದಿನ ಮತ್ತೆ ಅದೇ ಕತ್ತಿಯಿಂದ ಶುರುಮಾಡಿದರು. ಎಂಬತ್ತು ದಾಟಿದ ಮನುಷ್ಯ ಅಕ್ಷರಾಭ್ಯಾಸಕ್ಕೆ ಕುಳಿತಂತೆ ಕುಳಿತು, ಇದು ಕಪ್ಪು, ಇದು ನೀಲಿ, ಇದರಲ್ಲಿ ಸ್ವಲ್ಪ ಕಡಿಮೆ ಎಂದು ತನಗೆ ತಾನೇ ಪಾಠ ಹೇಳಿಕೊಳ್ಳುತ್ತಿದ್ದರು. ನನ್ನ ಗಂಡ ಪಕ್ಕದಲ್ಲಿ ಉಸಿರು ಹಿಡಿದು ಕುಳಿತಿರುತ್ತಿದ್ದರು. ಅವರು ಮಾತಿಲ್ಲದೆ ಅಷ್ಟು ಹೊತ್ತು ಕುಳಿತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಎರಡನೆಯ ಕಣ್ಣೂ ಮುಗಿಯಿತು. ಮುಂದಿನ ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತರು. ಸಾಮಾನ್ಯವಾಗಿ ಅವರು ನಿಲ್ಲುವವರಲ್ಲ.

"ಕೆಲವು ವರ್ಷಗಳಿಂದ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಯಾವತ್ತಿನಿಂದ ಎಂದು ಹೇಳಲು ನನಗೂ ತಿಳಿಯದು. ಆದ್ದರಿಂದ ನಾನು ನೋಡಿ ಹೇಳಿದ್ದೆಲ್ಲವನ್ನೂ ತನ್ನಿ. ಮತ್ತೆ ನೋಡುತ್ತೇನೆ."

ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಸೆನ್ಸೈ, ನನ್ನದನ್ನು ದಯವಿಟ್ಟು ನೋಡಬೇಡಿ. ನನಗೆ ಅದು ಹಾಗೇ ಇಷ್ಟ" ಎಂದ. ಎಲ್ಲರೂ ನಕ್ಕರು.

"ಸರಿ, ನೋಡುವುದಿಲ್ಲ. ಆದರೆ ಯಾರಿಗಾದರೂ ತೋರಿಸುವಾಗ ನನ್ನ ಹೆಸರು ಹೇಳಬೇಡ" ಎಂದರು ಮೇಷ್ಟ್ರು.

ಆ ಹುಡುಗ ಮುಂದಿನ ತಿಂಗಳು ತಾನೇ ಕತ್ತಿ ಹಿಡಿದುಕೊಂಡು ಬಂದ. ಅವನ ಕತ್ತಿಯ ಬಗ್ಗೆ ಮೇಷ್ಟ್ರು ಮೊದಲು ಹೇಳಿದ್ದೇ ನಿಂತಿತು. ಎಲ್ಲರದೂ ಹಾಗಾಗಲಿಲ್ಲ. ಕೆಲವು ಕತ್ತಿಗಳು ನೂರಾರು ವರ್ಷ ಚಿಕ್ಕವಾದವು. ಒಂದನ್ನು ಮೇಷ್ಟ್ರು ಹಿಂದೆ ಬರೀ ಆಟಿಕೆ ಎಂದಿದ್ದರು. ಅದರ ಮುಂದೆ ಬಹಳ ಹೊತ್ತು ಕುಳಿತು, ಯಜಮಾನನಿಗೆ ತಲೆ ಬಾಗಿಸಿ, "ಕತ್ತಿಯದು ತಪ್ಪಿರಲಿಲ್ಲ" ಎಂದರು. ಸಿಟ್ಟಾಗಿ ಬರುವುದನ್ನೇ ಬಿಟ್ಟವರೂ ಇದ್ದರು. ಅದೇ ಹೊತ್ತಿಗೆ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ಬಾಗಿಲ ಬಳಿಯ ಬುಟ್ಟಿಯಲ್ಲಿ ಬ್ಯಾಡ್ಜುಗಳು ಕಡಿಮೆಯಾದವು. ಆದರೆ ಬರುವವರು ಬೇಗ ಬಂದು ತಡವಾಗಿ ಹೋಗುತ್ತಿದ್ದರು.

ನಮ್ಮ ಕತ್ತಿಯ ಸರದಿ ಬಂದಾಗ ಮೇಷ್ಟ್ರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಹಳ್ಳಿಯ ಕಮ್ಮಾರ. ಮುನ್ನೂರು ವರ್ಷ ಇರಬಹುದು. ಪ್ರಾಮಾಣಿಕ ಕೆಲಸ. ಮಚ್ಚೆ ತೆಗೆಸಬೇಕೆಂದರೆ ಉಕ್ಕನ್ನು ಉಜ್ಜಿ ಸವೆಸಬೇಕು. ಅದು ಬೇಡ."

"ಮುನ್ನೂರು ಏನು ಕಡಿಮೆನಾ?" ಎಂದು ನನ್ನ ಗಂಡ ಕತ್ತಿಯನ್ನು ಕೈಗೆತ್ತಿಕೊಂಡು ನನ್ನ ಕಿವಿಯಲ್ಲಿ ಕೇಳಿದರು. ಕತ್ತಿ ಕೈಯಲ್ಲಿದ್ದಾಗ ಮಾತಾಡಿದ್ದಕ್ಕೆ ನಾನು ಕಣ್ಣಲ್ಲೇ ಗದರಿದೆ.

ಮರುನೋಟದ ಕೆಲಸ ಬೇಸಿಗೆಯವರೆಗೂ ನಡೆಯಿತು. ಅದು ಮುಗಿದ ಮೇಲೆ ಬಂದ ಮೊದಲ ಹೊಸ ಕತ್ತಿಯನ್ನು ತಂದವರು ಬರ್ಕ್ಲಿಯಲ್ಲಿ ಪಾಠ ಹೇಳುವ ಒಬ್ಬ ಹೆಂಗಸು. ಉದ್ದನೆಯ, ತೆಳ್ಳನೆಯ ಕತ್ತಿ. ಮೇಷ್ಟ್ರು ಬಾಗು ನೋಡಿದರು, ದೀಪಕ್ಕೆ ಹಿಡಿದರು, ಕಿಟಕಿಗೆ ಒಯ್ದರು, ಮತ್ತೆ ದೀಪಕ್ಕೆ ತಂದರು. ನಾವೆಲ್ಲ ಕಾದೆವು.

ಕತ್ತಿಯನ್ನು ಮೇಜಿನ ಮೇಲಿಟ್ಟು, "ನನಗೆ ಗೊತ್ತಾಗುತ್ತಿಲ್ಲ" ಎಂದರು.

ಆಕೆ ಗಲಿಬಿಲಿಗೊಂಡರು. "ನಿಮಗೇ ಗೊತ್ತಾಗದಿದ್ದರೆ ನಾನು ಯಾರನ್ನು ಕೇಳಲಿ?"

"ಮುಂದಿನ ತಿಂಗಳು ಮತ್ತೆ ತನ್ನಿ. ಇನ್ನೊಮ್ಮೆ ನೋಡುವ ಆಸೆ ನನಗಿದೆ." ಹೀಗೆ ಹೇಳಿ ಕತ್ತಿಯನ್ನು ಮತ್ತೆ ಎತ್ತಿ, ಅಲಗನ್ನು ತಮ್ಮ ಕಡೆಗೆ ತಿರುಗಿಸಿ, ಪಕ್ಕದಲ್ಲಿದ್ದ ನನ್ನ ಗಂಡನ ಮುಂದೆ ಹಿಡಿದರು. ಅವರು ತಲೆಯಾಡಿಸುವವರೆಗೆ ಕಾದು, ಆಮೇಲೆ ಕೈ ಬಿಟ್ಟರು. ಮೇಷ್ಟ್ರ ಮುಖದಲ್ಲಿ ಸಂತೋಷವಿತ್ತು.